ದೊಡ್ಡಪ್ಪನವರ ಸ್ಮರಣ ಪುಸ್ತಿಕೆ: 48 ಪುಟದಲ್ಲಿ ಏನಿರಬೇಕು, ಹೇಗೆ ಮಾಡಿಸಬೇಕು?

ಸಂಕದಾಚೆ ಎಂಬ ಹೆಸರಿನವರು ಕೇಳಿದ್ದು:

ನಮ್ಮ ದೊಡ್ಡಪ್ಪ 2025ರ ಕಾರ್ತೀಕ ಬಹುಳದಲ್ಲಿ ತೀರಿಕೊಂಡರು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗಿನ ಊರು. ಮೂರು ಎಕರೆ ಅಡಿಕೆ ತೋಟ, ದೊಡ್ಡಮ್ಮ, ಇಬ್ಬರು ಹೆಣ್ಣುಮಕ್ಕಳು. ಮನೆಯ ಲೆಕ್ಕ ಇಷ್ಟೇ. ಊರಿನ ಲೆಕ್ಕ ದೊಡ್ಡದು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಳ್ಳದ ಕಾಲುಸಂಕ (ಮರದ ಕಾಲುಸೇತುವೆ) ಹೊಸದಾಗಿ ಹಾಕಿಸುವುದು, ಮಳೆಗಾಲದಲ್ಲಿ ಯಾರೇ ಹೋದರೂ ಚಿತೆಗೆ ಒಣಸೌದೆ ಹೊಂದಿಸುವುದು, ಶಿವಮೊಗ್ಗದಿಂದಲೋ ಮಣಿಪಾಲದಿಂದಲೋ ರಕ್ತ ಬೇಕೆಂದು ಫೋನ್ ಬಂದರೆ ಎಷ್ಟೊತ್ತಿಗಾದರೂ ಕೊಡುವವರನ್ನು ಹುಡುಕಿ ಕಳಿಸುವುದು, ಶಾಲೆ, ಸೊಸೈಟಿ.

ವರ್ಷಾಂತಕ್ಕೆ (ಮೊದಲ ವರ್ಷದ ತಿಥಿಗೆ) 48 ಪುಟದ ಪುಸ್ತಿಕೆ, 300 ಪ್ರತಿ ಮಾಡಬೇಕೆಂದು ಮನೆಯವರೆಲ್ಲ ಸೇರಿ ನಿಶ್ಚಯಿಸಿದ್ದೇವೆ. ತೊಡಕುಗಳು ಇವು:

ಹುಟ್ಟಿದ ದಿನ ಮೂರು ಥರ ಇದೆ. ಶಾಲೆಯಲ್ಲಿ 1-6-1950, ಆಧಾರ್‌ನಲ್ಲಿ 1951. ದೊಡ್ಡಮ್ಮ ಮಾತ್ರ ಅತ್ತೆಯ ಬಾಯಲ್ಲಿ ಕೇಳಿದ್ದೆಂದು "ಖರ ಸಂವತ್ಸರ, ಪುಷ್ಯ ಬಹುಳ" ಎನ್ನುತ್ತಾರೆ. ಮದುವೆಯ ಲಗ್ನಪತ್ರಿಕೆ ಅರ್ಧ ಹರಿದಿದೆ, ವರ್ಷ ಕಾಣುವುದಿಲ್ಲ. ಅವರು ರಕ್ತವನ್ನೇ 200ಕ್ಕೂ ಹೆಚ್ಚು ಸಲ ಕೊಟ್ಟಿದ್ದಾರೆಂದು ಊರಿನಲ್ಲಿ ಹೇಳುತ್ತಾರೆ, ಹಾಕಬಹುದಾ? ಫೋಟೋಗಳಿಗೆಲ್ಲ ಬೂಸ್ಟು ಹಿಡಿದಿದೆ, ಜಗಲಿಯಲ್ಲಿದ್ದ ಒಂದು ಗಾಜಿಗೇ ಅಂಟಿಕೊಂಡಿದೆ. ಅಂಗಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಒಂಬತ್ತು ಸಣ್ಣ ನೋಟ್‌ಬುಕ್‌ಗಳಿವೆ. ಅವನ್ನು ಹೇಗೆ ಬಳಸುವುದು?

ಎಲ್ಲರೂ ಬರೆದುಕೊಟ್ಟ ಲೇಖನ ಒಂದೇ ಥರ ಆಗಿಬಿಡುತ್ತದೆ ಎಂಬ ಭಯವೂ ಇದೆ.

ದಫ್ತರ:

ಹುಟ್ಟಿದ ದಿನ ಮೊದಲು. ದೊಡ್ಡಮ್ಮ ಹೇಳುತ್ತಿರುವುದೇ ಹೆಚ್ಚು ನಂಬಲು ಯೋಗ್ಯ. ಆಗಿನ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲಿ ಆ ತಲೆಮಾರಿನ ಲೆಕ್ಕವಿಲ್ಲದಷ್ಟು ಜನರ "ಹುಟ್ಟುಹಬ್ಬ" ಜೂನ್ 1. ಆಧಾರ್ ಮಾಡಿಸುವಾಗ ಬಾಯಿಮಾತಲ್ಲಿ ಹೇಳಿದ್ದೂ ಹಾಗೆಯೇ.

ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ. ಖರ ಬಂದಿದ್ದು 1951ರಲ್ಲಿ, ಮತ್ತೆ 2011ರಲ್ಲಿ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಖರ ಎಂದರೆ 1951 ಎಂದು ಹಾಕಿಬಿಡುತ್ತಾರೆ. ಸಂವತ್ಸರ ಶುರುವಾಗುವುದು ಯುಗಾದಿಗೆ. ಪುಷ್ಯ ಬರುವಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಆ ವರ್ಷದ ಪುಷ್ಯ ಹುಣ್ಣಿಮೆ 1952ರ ಜನವರಿ 12ರ ಹೊತ್ತಿಗೆ, ಅಮಾವಾಸ್ಯೆ 26ರ ಹೊತ್ತಿಗೆ. ಬಹುಳ ಎಂದ ಮೇಲೆ ಇವೆರಡರ ನಡುವಿನ ದಿನ. ತಿಥಿಯೂ ನೆನಪಿದ್ದರೆ ಹಳೆ ಪಂಚಾಂಗ ನೋಡಿ ದಿನವನ್ನೇ ಹೇಳಬಹುದು. ಇಲ್ಲದಿದ್ದರೆ "1952ರ ಜನವರಿ (ಖರ ಸಂವತ್ಸರ, ಪುಷ್ಯ ಬಹುಳ), ಶಾಲಾ ದಾಖಲೆಯಲ್ಲಿ 1-6-1950" ಎಂದು ಎರಡನ್ನೂ ಮುದ್ರಿಸಿ. ಮುಂದೆ ಮೊಮ್ಮಕ್ಕಳು ದಾಖಲೆ ಹುಡುಕುವಾಗ ಇದೇ ಕೀಲಿ.

ಲಗ್ನಪತ್ರಿಕೆಯಲ್ಲಿ ವರ್ಷ ಹೋಗಿದ್ದರೂ ತಾರೀಖು ಮತ್ತು ವಾರ ಉಳಿದಿದ್ದರೆ ಸಾಕು. ಉದಾಹರಣೆಗೆ ಮೇ 14 ಭಾನುವಾರ ಎಂದಿದ್ದರೆ ಅದು 1972, 1978 ಅಥವಾ 1989 ಮಾತ್ರ ಆಗಲು ಸಾಧ್ಯ. ನಡುವಿನ ಬೇರೆ ಯಾವ ವರ್ಷದಲ್ಲೂ ಕೂಡಿ ಬರುವುದಿಲ್ಲ. ಸಂವತ್ಸರದ ಹೆಸರಿನಲ್ಲಿ ಒಂದೆರಡಕ್ಷರ ಉಳಿದಿದ್ದರೂ ಸಾಕು: ಪರಿಧಾವಿ 1972, ಕಾಳಯುಕ್ತಿ 1978, ಶುಕ್ಲ 1989.

ಜೀವನದ ಹಾದಿ ಬರೆಯುವಾಗ ಸಂಸ್ಥೆಗಳ ಹೆಸರು ಆಯಾ ಕಾಲದ್ದೇ ಇರಲಿ. 1987ರ ಚುನಾವಣೆಯಲ್ಲಿ ಗೆದ್ದಿದ್ದರೆ ಅವರು ಮಂಡಲ ಪಂಚಾಯಿತಿ ಸದಸ್ಯರು. ಈಗಿನ ಗ್ರಾಮ ಪಂಚಾಯಿತಿ 1993ರ ಕಾಯ್ದೆಯಿಂದ ಬಂದದ್ದು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಆದದ್ದು 2001ರಲ್ಲಿ. ಅದಕ್ಕೂ ಹಿಂದಿನ ಶಾಲಾ ಕೆಲಸಕ್ಕೆ "ಎಸ್‌ಡಿಎಂಸಿ ಅಧ್ಯಕ್ಷರಾಗಿ" ಎಂದು ಬರೆದರೆ ಓದಿದವರು ಉಳಿದದ್ದನ್ನೂ ಅನುಮಾನಿಸುತ್ತಾರೆ. ಸೊಸೈಟಿಯದಾದರೆ ವಾರ್ಷಿಕ ಮಹಾಸಭೆಯ ವರದಿಗಳಲ್ಲಿ ನಿರ್ದೇಶಕರ ಪಟ್ಟಿ ಇರುತ್ತದೆ. ಯಾರ ನೆನಪನ್ನೂ ನೆಚ್ಚದೆ ಅದನ್ನು ನೋಡಿ ವರ್ಷ ಹಾಕಿ. ಮನೆತನ ಶರಾವತಿ ಕಡೆಯಿಂದ ಮುಳುಗಡೆಯಾಗಿ ಬಂದದ್ದಾದರೆ ಮೂಲ ಊರಿನ ಹೆಸರನ್ನು ತಪ್ಪದೆ ಸೇರಿಸಿ. 1964ರ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿ ಹೋದ ಊರುಗಳ ಹೆಸರು ಈಗ ಉಳಿದಿರುವುದೇ ಇಂಥ ಕಡೆಗಳಲ್ಲಿ.

ಇನ್ನು 200 ಸಲ ರಕ್ತ. ಕಷ್ಟ. ಗಂಡಸರು ಎರಡು ದಾನದ ನಡುವೆ 90 ದಿನ ಬಿಡಬೇಕು, ಎಂದರೆ ವರ್ಷಕ್ಕೆ ನಾಲ್ಕೇ. ವಯಸ್ಸು 18ರಿಂದ 65, ಎಂದರೆ 47 ವರ್ಷ. ಒಂದು ಸಲವೂ ತಪ್ಪದೆ ಕೊಟ್ಟರೂ 188. ಊರವರು ಸುಳ್ಳು ಹೇಳುತ್ತಿಲ್ಲ, ಕೊಟ್ಟದ್ದು ಮತ್ತು ಕೊಡಿಸಿದ್ದು ಎರಡೂ ಸೇರಿ ಒಂದಾಗಿದೆ ಅಷ್ಟೇ. ದಾನಿಯ ಕಾರ್ಡ್, ಪ್ರಮಾಣಪತ್ರ ಎಣಿಸಿ "ತಾವೇ ಕೊಟ್ಟದ್ದಕ್ಕೆ ದಾಖಲೆ ಸಿಕ್ಕಿದ್ದು ಇಷ್ಟು" ಎಂದು ಹಾಕಿ. ನೋಟ್‌ಬುಕ್‌ಗಳಿಂದ ಕೊಡಿಸಿದ್ದರ ಲೆಕ್ಕ ಬೇರೆ ತೆಗೆಯಿರಿ. ಕೊಡಿಸಿದ್ದೇ ದೊಡ್ಡ ಸಂಖ್ಯೆಯಾಗುತ್ತದೆ, ಅವರ ನಿಜವಾದ ಕೆಲಸವೂ ಅದೇ.

ಮರೆಯುವ ಮುನ್ನ: ವರ್ಷಾಂತಕ್ಕೆ ತಾರೀಖು ನೋಡಿ ಹಾಲ್ ಗೊತ್ತು ಮಾಡಬೇಡಿ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ತಿಥಿ ಸುಮಾರು 19 ದಿನ ಮುಂದಕ್ಕೆ ಹೋಗುತ್ತದೆ. 2025ರಲ್ಲಿ ಕಾರ್ತೀಕ ಬಹುಳ ನವೆಂಬರ್ 6ರಿಂದ 20ರೊಳಗೆ ಇತ್ತು. 2026ರಲ್ಲಿ ಅದು ನವೆಂಬರ್ 25ರ ಹೊತ್ತಿಗೆ ಶುರುವಾಗಿ ಡಿಸೆಂಬರ್ ಮೊದಲ ವಾರ ದಾಟುತ್ತದೆ. ಪುರೋಹಿತರ ಹತ್ತಿರ ಕೇಳಿಕೊಂಡು ಆಮೇಲೆ ಪುಸ್ತಕದ ಮೇಲೆ ದಿನ ಹಾಕಿಸಿ.

ಸೋಗೆಮನೆ:

ಎಲ್ಲರ ಲೇಖನ ಒಂದೇ ಥರ ಆಗುವುದು ಬರೆಯುವವರ ತಪ್ಪಲ್ಲ, ಕೇಳುವವರ ತಪ್ಪು. "ಅವರ ಬಗ್ಗೆ ಎರಡು ಮಾತು ಬರೆದುಕೊಡಿ" ಎಂದರೆ ಸರಳ ಸಜ್ಜನ, ಅಜಾತಶತ್ರು, ತುಂಬಲಾರದ ನಷ್ಟ ಎಂದೇ ಬರುತ್ತದೆ. ಯಾರ ಹೆಸರು ಹಾಕಿದರೂ ಒಪ್ಪುವ ಮಾತು ಅವು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಹಂಚಿ. ಸಂಕದ ಬಗ್ಗೆ ಒಬ್ಬರು, ಸೌದೆಯ ಬಗ್ಗೆ ಇನ್ನೊಬ್ಬರು. ಕೇಳುವುದು ಇಷ್ಟು: ಆ ಕೆಲಸ ಹೇಗೆ ನಡೆಯುತ್ತಿತ್ತು, ಅವರು ಎಲ್ಲಿ ನಿಂತಿರುತ್ತಿದ್ದರು, ಕೈಯಲ್ಲಿ ಏನಿರುತ್ತಿತ್ತು, ಯಾವಾಗ ಸಿಟ್ಟು ಬರುತ್ತಿತ್ತು.

"ಊರಿಗೆ ಸಂಕ ಹಾಕಿಸುತ್ತಿದ್ದರು" ಎಂಬ ಸಾಲಿಗೆ ತೂಕವಿಲ್ಲ. ಹಳ್ಳದ ಅಗಲ ಎಷ್ಟು ಅಡಿ, ಅಡಿಕೆ ಮರವೋ ಬಗನಿಯೋ, ಎಷ್ಟು ಮರ ಜೋಡಿಸುತ್ತಿದ್ದರು, ಯಾರ ತೋಟದಿಂದ, ಎರಡೂ ದಡದಲ್ಲಿ ಯಾವ ಮರಕ್ಕೆ ಕಟ್ಟುತ್ತಿದ್ದರು, ಹಿಡಿದುಕೊಳ್ಳಲು ಬಿದಿರಿನ ಕೈತಾಂಗು ಒಂದು ಪಕ್ಕವೋ ಎರಡು ಪಕ್ಕವೋ, ಶಾಲೆ ಮಕ್ಕಳ ಎತ್ತರಕ್ಕೆ ಬೇರೆ ಬಿದಿರು ಇತ್ತೋ. ಅಡಿಕೆ ಮರ ಒಂದೆರಡು ಮಳೆಗಾಲಕ್ಕೇ ಒಳಗಿಂದ ಲಡ್ಡಾಗುತ್ತದೆ, ಹೊರಗೆ ಗಟ್ಟಿ ಕಾಣುತ್ತದೆ. ಹಾಗಾಗಿಯೇ ಪ್ರತಿ ವರ್ಷ ಬದಲಾಯಿಸಬೇಕಾಗುವುದು. ಇದನ್ನು ಬರೆದರೆ ಆ ಮನುಷ್ಯ ಪ್ರತಿ ಮೇ ತಿಂಗಳು ಯಾಕೆ ಮನೆಮನೆ ತಿರುಗುತ್ತಿದ್ದರು ಎಂಬುದು ಓದುವವರಿಗೆ ತಾನಾಗಿ ಅರ್ಥವಾಗುತ್ತದೆ. ಸೌದೆಯದೂ ಹಾಗೆಯೇ. ಆಷಾಢದ ಮಳೆಯಲ್ಲಿ ಒಂದು ಚಿತೆಗೆ ಮೂರು-ನಾಲ್ಕು ಕ್ವಿಂಟಲ್ ಒಣಸೌದೆ ಹೊಂದಿಸಬೇಕೆಂದರೆ ಅದು ಬೇಸಿಗೆಯಲ್ಲೇ ಕಡಿದು, ಸೀಳಿ, ಮಾಡಿನ ಕೆಳಗೆ ಪೇರಿಸಿಟ್ಟಿರಬೇಕು. ಯಾರಿಗೆಂದು ಗೊತ್ತಿಲ್ಲದೆ ಮೊದಲೇ ಕೂಡಿಟ್ಟ ಸೌದೆ ಅದು. ಎಲ್ಲಿ ಇಡುತ್ತಿದ್ದರು, ಅದನ್ನು ಬಚ್ಚಲ ಒಲೆಗೆ ಮುಟ್ಟದಂತೆ ಮನೆಯಲ್ಲಿ ಹೇಗೆ ಕಾಯುತ್ತಿದ್ದರು, ದೊಡ್ಡಮ್ಮನವರನ್ನು ಕೇಳಿ.

ದೊಡ್ಡಮ್ಮನವರ ಮಾತೇ ಮೊದಲ ಲೇಖನವಾಗಲಿ. ಅವರಿಂದ ಬರೆಸಬೇಡಿ, ಹೇಳಿಸಿ. ಎದುರು ಕೂತು ಪ್ರಶ್ನೆ ಕೇಳಿದರೆ "ನಾನೇನು ಹೇಳದು, ನಿಮಗೆಲ್ಲ ಗೊತ್ತಿರದೇ ಅಲ್ವಾ" ಎನ್ನುತ್ತಾರೆ. ಕೈಗೊಂದು ಫೋಟೋ ಕೊಡಿ, ಇಲ್ಲವೇ ದೊಡ್ಡಪ್ಪನವರ ಟಾರ್ಚು, ಕತ್ತಿ, ಕನ್ನಡಕ ಮುಂದಿಡಿ. ಅಡಿಕೆ ಆರಿಸುವಾಗಲೋ ಸೊಪ್ಪು ಬಿಡಿಸುವಾಗಲೋ ಕೇಳಿ, ಕೈಗೆ ಕೆಲಸವಿದ್ದರೆ ಮಾತು ಸಲೀಸು. ಒಂದು ಸಲಕ್ಕೆ 40 ನಿಮಿಷ ಸಾಕು. ಅತ್ತರೆ ರೆಕಾರ್ಡ್ ನಿಲ್ಲಿಸಿ, ಆ ದಿನ ಮುಂದುವರಿಸಬೇಡಿ. ನಾಲ್ಕೈದು ದಿನ ಬಿಟ್ಟು ಹೋದರೆ ಅವರೇ ಹೊಸದೊಂದನ್ನು ನೆನಪಿಸಿಕೊಂಡು ಕಾದಿರುತ್ತಾರೆ.

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿಡಿ. ಬರೀ ಮೇಜಿನ ಮೇಲಿಟ್ಟರೆ ಪಾತ್ರೆ ಇಟ್ಟ ಸದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ರೆಕಾರ್ಡ್ ಮಾಡಿದ್ದು ಒಂದಕ್ಷರವೂ ಉಪಯೋಗಕ್ಕೆ ಬರುವುದಿಲ್ಲ, ಹೆಂಚಿನ ಕೋಣೆಗೆ ಹೋಗಿ. ಬರವಣಿಗೆಗೆ ಇಳಿಸುವಾಗ ಅವರ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. "ಬತ್ತಿದ್ರು", "ಹೇಳದೇ ಇಲ್ಲ" ಹಾಗೆಯೇ ಇರಲಿ. ಇಬ್ಬರು ಹೆಣ್ಣುಮಕ್ಕಳನ್ನು ಬೇರೆ ಬೇರೆಯಾಗಿ ಕೂರಿಸಿ. ಒಂದೇ ಘಟನೆಯನ್ನು ಇಬ್ಬರೂ ಎರಡು ಥರ ಹೇಳಿದರೆ ಎರಡನ್ನೂ ಹಾಕಿ. ಅಪ್ಪ ದೊಡ್ಡವಳಿಗೆ ಒಂದು ಥರ, ಚಿಕ್ಕವಳಿಗೆ ಇನ್ನೊಂದು ಥರ ಇದ್ದಿರುವುದು ಸಹಜ. ಊರಿನ ಕೆಲಸಕ್ಕೆಂದು ಅವರು ಮನೆಯಲ್ಲಿ ಇಲ್ಲದೇ ಹೋದ ದಿನಗಳ ಬೇಸರ ಬಂದರೆ ಅದನ್ನೂ ತೆಗೆಯಬೇಡಿ, ಹೇಳಿದವರು ಒಪ್ಪಿದರೆ.

ಜಾಗದ ಲೆಕ್ಕ: 48ರಲ್ಲಿ ಫೋಟೋಗೆ 10, ಶೀರ್ಷಿಕೆ ಮತ್ತು ಜೀವನದ ಹಾದಿಗೆ 4 ತೆಗೆದರೆ ಉಳಿಯುವುದು 34. ಪುಟಕ್ಕೆ ಸುಮಾರು 200 ಪದ ಹಿಡಿದರೆ 6,800 ಪದ. ಮನೆಯ ಮೂವರಿಗೆ 2,500 ಬಿಡಿ. ಉಳಿದದ್ದರಲ್ಲಿ ಹದಿನಾಲ್ಕು ಮಂದಿಗೆ ತಲಾ 300. ಗಣ್ಯರ ಸಂದೇಶಗಳನ್ನೆಲ್ಲ ಸೇರಿಸಿ ಕೊನೆಯ ಒಂದು ಪುಟಕ್ಕೆ ಮುಗಿಸಿ. ಮುಂದೆ ಹಾಕಿದರೆ ಸಂಕ ಕಟ್ಟಿದ ಜೊತೆಗಾರನ ಮಾತು 20ನೇ ಪುಟಕ್ಕೆ ಹೋಗುತ್ತದೆ.

ಅಚ್ಚುಮೊಳೆ:

ಫೋಟೋ ವಿಷಯ ತಡಮಾಡಬೇಡಿ, ಮಳೆ ಹಿಡಿದರೆ ಇನ್ನೂ ಕೆಡುತ್ತದೆ.

ಗಾಜಿಗೆ ಅಂಟಿದ್ದನ್ನು ಎಳೆಯಲೇಬೇಡಿ. ಫೋಟೋದ ಮೇಲ್ಪದರ ಜೆಲಟಿನ್, ಅದು ತೇವಕ್ಕೆ ಮೆತ್ತಗಾಗಿ ಗಾಜಿಗೆ ಹಿಡಿದಿರುತ್ತದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಫ್ರೇಮಿನ ಹಿಂದಿನ ಹಲಗೆ ಮತ್ತು ಮೊಳೆ ಮಾತ್ರ ತೆಗೆದು, ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಸ್ಕ್ಯಾನರ್ ಇಲ್ಲದಿದ್ದರೆ ಜಗಲಿಯ ನೆರಳಿನಲ್ಲಿ ಗೋಡೆಗೆ ಒರಗಿಸಿ, ಬೆಳಕು ಪಕ್ಕದಿಂದ ಬರುವಂತೆ ನೋಡಿಕೊಂಡು, ಫೋನನ್ನು ನೇರ ಎದುರಿಗೆ ಹಿಡಿದು ತೆಗೆಯಿರಿ. ಗಾಜಿನಲ್ಲಿ ನಿಮ್ಮ ಅಂಗಿಯೇ ಕಾಣುತ್ತದೆ, ಆದ್ದರಿಂದ ಕಪ್ಪು ಬಟ್ಟೆ ಹಾಕಿಕೊಳ್ಳಿ.

ಬೂಸ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲರೂ ಮಾಡುವ ಕೆಲಸ, ಎಲ್ಲರ ಫೋಟೋ ಹಾಳಾಗುವುದೂ ಅಲ್ಲೇ. ಮೊದಲು ಒಣಗಿಸಬೇಕು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಮೇಲೆ ಕಾಗದ ಹಾಸಿ, ಫೋಟೋ ಇಟ್ಟು ನಾಲ್ಕೈದು ದಿನ ಬಿಡಿ. ಬಿಸಿಲಿಗೂ ಒಲೆಯ ಹತ್ತಿರಕ್ಕೂ ಬೇಡ, ಸುರುಳಿಯಾಗಿ ಬಿರುಕು ಬಿಡುತ್ತದೆ. ಒಣಗಿ ಪುಡಿಯಾದ ಮೇಲೆ ಮೆತ್ತನೆ ಬ್ರಷ್ಷಿನಿಂದ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಉದುರಿಸಿ. ಅಂಟಿನ ಆಲ್ಬಮ್ಮಿನಲ್ಲಿ ಕೂತಿದ್ದರೆ ಫೋಟೋದ ಹಿಂದೆ ಹಲ್ಲು ಸ್ವಚ್ಛ ಮಾಡುವ ನೂಲನ್ನು (ಡೆಂಟಲ್ ಫ್ಲಾಸ್) ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿದರೆ ಬಿಟ್ಟುಕೊಳ್ಳುತ್ತದೆ.

ಸ್ಕ್ಯಾನ್ 600 ಡಿಪಿಐನಲ್ಲಿ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಮಾಡಿಸಿ. ಪಾಸ್‌ಪೋರ್ಟ್ ಅಳತೆಯ ಫೋಟೋ (3.5 × 4.5 ಸೆಂ.ಮೀ.) 600ರಲ್ಲಿ ತೆಗೆದರೆ ಮುದ್ರಣಕ್ಕೆ ಬೇಕಾದ 300ರ ಲೆಕ್ಕದಲ್ಲಿ 7 × 9 ಸೆಂ.ಮೀ.ವರೆಗೆ ಹಿಗ್ಗಿಸಬಹುದು. ಅದಕ್ಕಿಂತ ದೊಡ್ಡದು ಮಾಡಿದರೆ ಮುಖ ಮಸುಕು. ಮುಖಪುಟಕ್ಕೆ ಅದೇ ಫೋಟೋ ಬೇಕೆಂದರೆ 1200ರಲ್ಲಿ ತೆಗೆಯಿರಿ. ಸಂಬಂಧಿಕರಿಂದ ತರಿಸಿಕೊಳ್ಳುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಮುಖಕ್ಕೆ ಹೊಳಪು ಕೊಡುವ, ಸುಕ್ಕು ತೆಗೆಯುವ ಆ್ಯಪ್‌ಗಳನ್ನು ದಯವಿಟ್ಟು ಬಳಸಬೇಡಿ. ಮಕ್ಕಳು ನೋಡಿ "ಇದು ಅಪ್ಪ ಅಲ್ಲ" ಎನ್ನುವುದು ಅಲ್ಲಿಂದಲೇ.

ಅಚ್ಚಿಗೆ: ಪುಸ್ತಕದ ಅಳತೆ ಡೆಮ್ಮಿ 1/8, ಒಳಹಾಳೆ 80 ಜಿಎಸ್ಎಂ (ಕಾಗದದ ತೂಕ) ಮ್ಯಾಪ್ಲಿಥೊ ಕಾಗದ, ಫೋಟೋ ಪುಟ ಆರ್ಟ್ ಪೇಪರ್. 48 ಪುಟ ಸರಿಯಾಗಿದೆ, 16 ಪುಟದ ಮೂರು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಕಂತೆ). 50 ಮಾಡಿದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ತುಂಡು ಬೇಕಾಗುತ್ತದೆ. ಫೋಟೋಗಳನ್ನು ಚದುರಿಸದೆ ಒಂದೇ ಗುಂಪಾಗಿ ನಡುವೆ ಇಡಿ, ಕಾಗದ ಬೇರೆ ಮಾಡಲು ಅನುಕೂಲ. ಹಾಗೆ ಮಾಡುವುದಾದರೆ 10ರ ಬದಲು 8 ಪುಟಕ್ಕೆ ಇಳಿಸಿ, ಮಡಿಕೆಗೆ ಅದೇ ಸರಿ. ಸೆಂಟರ್ ಪಿನ್ ಕಬ್ಬಿಣದ್ದಾದರೆ ನಮ್ಮ ಹವೆಗೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ನಡುಪುಟಕ್ಕೆ ಕಂದು ಕಲೆ ಬೀಳುತ್ತದೆ, ದಾರದ ಹೊಲಿಗೆ ಕೇಳಿ. ರಕ್ಷಾಪುಟಕ್ಕೆ ಹೊರಗಡೆ ಮಾತ್ರ ಲ್ಯಾಮಿನೇಷನ್ ಮಾಡಿದರೆ ಒಳಮೈ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಹೊದಿಕೆ ಹೊರಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. 300 ಜಿಎಸ್ಎಂ ಹಾಕಿಸಿದರೆ ಕಡಿಮೆಯಾಗುತ್ತದೆ.

ಅಕ್ಷರದ ಗೊಂದಲವೇ ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು. ಫೋನಿನಲ್ಲಿ ಬರೆದುಕೊಟ್ಟದ್ದು ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿರುತ್ತದೆ. ಪ್ರೆಸ್ಸಿನವರು ಪೇಜ್‌ಮೇಕರ್ ಎಂಬ ಹಳೆಯ ಪುಟ ಜೋಡಿಸುವ ತಂತ್ರಾಂಶ ಬಳಸಿದರೆ ಹಳೆಯ ನುಡಿ ಫಾಂಟಿಗೆ ಬದಲಾಯಿಸಬೇಕು. ಹಾಗೆ ಬದಲಾಯಿಸುವಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ತೀರ್ಥಹಳ್ಳಿ ಎಂಬ ಹೆಸರೇ ಮೊದಲು ಕೆಡುವುದು. "ನೋಟ್‌ಬುಕ್" "ನೋಟ್ಬುಕ್" ಆಗುತ್ತದೆ. ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶ ಇದ್ದರೆ ಯೂನಿಕೋಡನ್ನೇ ನೇರ ಹಾಕಬಹುದು, ಆದರೆ ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರವೆಲ್ಲ ಬಿಡಿಬಿಡಿ. ಮೊದಲೇ ಕೇಳಿಕೊಂಡು ಒಂದು ಪುಟ ಮಾದರಿ ಹಾಕಿಸಿ ನೋಡಿ. ಕರಡು ಮೂರು ಸಲ. ಕೊನೆಯ ಸಲ ಕಾಗದದ ಮೇಲೆ, ಒಬ್ಬರು ಗಟ್ಟಿಯಾಗಿ ಓದಬೇಕು, ಮನೆಯವರೊಬ್ಬರು ಹೆಸರು, ಇಸವಿಗಳನ್ನಷ್ಟೇ ಕೇಳಿಸಿಕೊಳ್ಳಬೇಕು.

ಸಂಕದಾಚೆ:

ತುಂಬ ಉಪಕಾರವಾಯಿತು. ಇನ್ನೆರಡು ಕೇಳುವುದಿದೆ. ಅವತ್ತೇ ರಕ್ತದಾನ ಶಿಬಿರ ಮಾಡಿ ಊರಿನ ಎಲ್ಲ ದಾನಿಗಳಿಂದ ಕೊಡಿಸೋಣ ಎಂದು ಹುಡುಗರು ಹೇಳುತ್ತಿದ್ದಾರೆ. ಇನ್ನು ನೋಟ್‌ಬುಕ್ಕಿನ ಒಂದು ಪುಟವನ್ನು ಇದ್ದಂತೆ ಅಚ್ಚು ಹಾಕಬೇಕೆಂಬುದು ತಂಗಿಯ ಆಸೆ. ಒಂದೊಂದು ಪುಟದಲ್ಲೂ ಎಡಕ್ಕೆ ಹೆಸರು, ಗುಂಪು, ಫೋನ್, ಬಲಕ್ಕೆ ಕೊಟ್ಟ ತಾರೀಖು. ತಾರೀಖಿನ ಕೆಳಗೆ ಕೆಂಪು ಪೆನ್ನಿನಲ್ಲಿ ಇನ್ನೊಂದು ತಾರೀಖು, ಅದು ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ರಾತ್ರಿ ಬಸ್ಸು:

ಕೆಂಪು ತಾರೀಖು ಮೇಲಿನದಕ್ಕಿಂತ ಮೂರು ತಿಂಗಳು ಮುಂದಿನದಾ ನೋಡಿ. ಹಾಗಿದ್ದರೆ ಅದು ಆ ದಾನಿ ಮತ್ತೆ ಕೊಡಬಹುದಾದ ದಿನ. ಹೆಂಗಸರ ಹೆಸರಿದ್ದರೆ ನಾಲ್ಕು ತಿಂಗಳ ಅಂತರ ಇರಬೇಕು, ಅವರಿಗೆ 120 ದಿನ. ಎರಡೂ ಹೊಂದಿದರೆ ಅನುಮಾನವೇ ಬೇಡ.

ಶಿಬಿರಕ್ಕೆ ಉತ್ತರವೂ ಆ ಕೆಂಪು ಶಾಯಿಯಲ್ಲೇ ಇದೆ. ಎಲ್ಲರೂ ಒಂದೇ ದಿನ ಕೊಟ್ಟರೆ ಮುಂದಿನ 90 ದಿನ ಊರಿನಲ್ಲಿ ಕೊಡಬಲ್ಲವರೇ ಇರುವುದಿಲ್ಲ. ಸಂಗ್ರಹಿಸಿದ ಕೆಂಪು ರಕ್ತಕಣ ಇಡಲು ಬರುವುದು 35ರಿಂದ 42 ದಿನ ಮಾತ್ರ. ನಿಮ್ಮ ದೊಡ್ಡಪ್ಪ ಜೀವಮಾನವಿಡೀ ತಪ್ಪಿಸಿದ್ದು ಇದನ್ನೇ: ಫೋನ್ ಬಂದಾಗ ಕೊಡುವವರಿಲ್ಲ ಎಂಬ ಸ್ಥಿತಿ. ಶಿಬಿರ ಮಾಡಿ, ಆದರೆ ಪಟ್ಟಿಯ ಮೂರನೇ ಒಂದು ಭಾಗದವರನ್ನಷ್ಟೇ ಕರೆಯಿರಿ. ನೆಗೆಟಿವ್ ಗುಂಪಿನವರನ್ನು ಪೂರ್ತಿ ಬಿಡಿ, ಅವರು ಕರೆಗೆ ಸಿಗುವುದು ಮುಖ್ಯ. ಹೊಸ ಹುಡುಗರಿಗೆ ಅಂದು ಗುಂಪು ಪರೀಕ್ಷೆ ಮಾಡಿಸಿ ಹೆಸರು ಬರೆದುಕೊಳ್ಳಿ. ಪರವಾನಗಿ ಇರುವ ರಕ್ತನಿಧಿಗೆ ಒಂದು ತಿಂಗಳು ಮೊದಲೇ ತಿಳಿಸಬೇಕು. ತೂಕ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಲೇಬೇಕು. ಡಿಸೆಂಬರ್ ಎಂದರೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು), ಸುಲಿತದ ಕಾಲ. ರಾತ್ರಿ ನಿದ್ದೆಗೆಟ್ಟು ಅಡಿಕೆ ಸುಲಿದು ಬಂದವರನ್ನು, ಬೆಳಿಗ್ಗೆ ತಿಂಡಿ ತಿನ್ನದವರನ್ನು ರಕ್ತ ಕೊಡಲು ಮಲಗಿಸಬೇಡಿ, ತಲೆ ಸುತ್ತಿ ಬೀಳುತ್ತಾರೆ. ರಕ್ತ ಕೊಟ್ಟವರು ಅಂದು ಮರ ಹತ್ತುವಂತೆಯೇ ಇಲ್ಲ. ಕೊನೆ ತೆಗೆಯುವವರಿಗೆ ಇದನ್ನು ಒಬ್ಬೊಬ್ಬರಿಗೇ ಹೇಳಬೇಕು.

ಸೋಗೆಮನೆ:

ನೋಟ್‌ಬುಕ್ ಪುಟ ಖಂಡಿತ ಹಾಕಿ, ಬಲಪುಟದಲ್ಲಿ, ಇದ್ದ ಅಳತೆಯಲ್ಲೇ. ಫೋನ್ ನಂಬರು, ರೋಗಿಯ ಹೆಸರು, ಕಾಯಿಲೆ ಮೂರನ್ನೂ ಮುಚ್ಚಿ. ಅಸಲಿನ ಮೇಲೆ ಏನೂ ಅಂಟಿಸದೆ ಸ್ಕ್ಯಾನ್ ಪ್ರತಿಯಲ್ಲಿ ಮುಚ್ಚಿ. ದಾನಿಗಳ ಹೆಸರು ಕಾಣುವುದಾದರೆ ಅವರನ್ನು ಕೇಳಿ. ಸಾಲಕ್ಕೆ ಜಾಮೀನು ನಿಂತ ವಿವರ ಇರುವ ಪುಟಗಳಿದ್ದರೆ ಅವು ಮನೆಯಲ್ಲೇ ಇರಲಿ.

ಒಂಬತ್ತನ್ನೂ ಪೂರ್ತಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ, ಇಂಕ್ ಪೆನ್ನಿನ ಪುಟಗಳನ್ನು ಮೊದಲು, ತೇವಕ್ಕೆ ಹರಡುವುದು ಅವೇ. ಕೊನೆಯ ನೋಟ್‌ಬುಕ್ಕಿನ ದಾನಿಗಳ ಪಟ್ಟಿಯನ್ನು ಈಗಲೇ ನಕಲು ಮಾಡಿ ಶಿಬಿರದ ಹುಡುಗರಲ್ಲಿ ಒಬ್ಬರ ಕೈಗೆ ಕೊಡಿ. ಪುಸ್ತಿಕೆಗೆ ಡಿಸೆಂಬರ್‌ವರೆಗೆ ಸಮಯವಿದೆ. ಆ ಕೆಂಪು ತಾರೀಖುಗಳು ಈಗಲೂ ದಾಟುತ್ತಿವೆ.